ಮೇಲಿನ ಮನೆಗೆ ಮೊದಲು ಬರುವ ರಿಪೋರ್ಟು

ಕೋಲ್ಕತ್ತದ ಟಾಲಿಗಂಜಿಗೆ ಬಂದಾಗಿನಿಂದ ನೋಡುತ್ತಿದ್ದೇನೆ, ನಮ್ಮ ಬೀದಿಯ ಲ್ಯಾಬಿನಲ್ಲಿ ರಕ್ತ ಯಾರು ಬೇಕಾದರೂ ಕೊಡಲಿ, ರಿಪೋರ್ಟು ಮೊದಲು ಬರುವುದು ಮೇಲಿನ ಮನೆಯ ಬೌದಿಗೆ. ಬೌದಿ ಎಂದರೆ ಅತ್ತಿಗೆ. ಇಡೀ ಕಟ್ಟಡಕ್ಕೆ ಆಕೆ ಅತ್ತಿಗೆ, ನನಗೆ ಮಾತ್ರ ಹೊಟ್ಟೆಯುರಿ.

೧. ಸಕ್ಕರೆ

ಒಂದೇ ಬೆಂಚಿನಲ್ಲಿ ಕೂತು ಇಬ್ಬರೂ ರಕ್ತ ಕೊಟ್ಟೆವು. ಮಧ್ಯಾಹ್ನಕ್ಕೇ ಆಕೆಯ ಮೊಬೈಲಿಗೆ ರಿಪೋರ್ಟು ಬಂತು. ನನ್ನದು ವಾರ ಕಳೆದರೂ ಸುದ್ದಿಯಿಲ್ಲ. ಕೌಂಟರಿನವನನ್ನು ಹೋಗಿ ಕೇಳಿದೆ.

"ಅವರಿಗೆ ಶುಗರ್ ಜಾಸ್ತಿ ಮೇಡಂ, ಅದಕ್ಕೇ ಬೇಗ ಕಳಿಸಿದ್ವಿ. ನಿಮ್ಮದು ನಾರ್ಮಲ್, ಏನವಸರ?"

ಮೊದಲ ಸಲ ನನಗೆ ನನ್ನ ಆರೋಗ್ಯದ ಮೇಲೆ ಸಿಟ್ಟು ಬಂತು.

೨. ಮನೆ ಬಾಗಿಲಿಗೆ

ಆಮೇಲೆ ಲ್ಯಾಬಿನವನು ಬೌದಿಯ ರಿಪೋರ್ಟನ್ನು ಮನೆಗೇ ತಂದುಕೊಡತೊಡಗಿದ, ಅದೂ ನಮ್ಮ ಬಾಗಿಲು ದಾಟಿಕೊಂಡು! ಒಂದು ದಿನ ತಡೆದು, "ನನ್ನದೂ ತರಬಾರದೇನಪ್ಪ?" ಎಂದೆ.

"ಅವರು ಮೀನು ಕರಿದು ಕೊಡ್ತಾರೆ, ಮೇಡಂ."

ನಾನೇನು ಕಮ್ಮಿ ಎಂದು ಒಳಗೆ ಕೂರಿಸಿ ಉಪ್ಪಿಟ್ಟು ಕೊಟ್ಟೆ. ಪೂರ್ತಿ ತಿಂದ. ಮರುದಿನದಿಂದ ಮೆಟ್ಟಿಲು ಬಿಟ್ಟು ಲಿಫ್ಟಿನಲ್ಲೇ ಮೇಲೆ ಹೋಗತೊಡಗಿದ.

೩. ರಸಗುಲ್ಲ

ಆಮೇಲೆ ನನ್ನ ಕತ್ತಿನಲ್ಲಿ ಸಣ್ಣ ಗಂಟು ಕಾಣಿಸಿತು. ಡಾಕ್ಟರು ಸೂಜಿ ಚುಚ್ಚಿಸಿ ಪರೀಕ್ಷೆ ಮಾಡಿಸಿ ಎಂದರು. ಲ್ಯಾಬಿಗೆ ಬೌದಿಯೇ ಜೊತೆಗೆ ಬಂದಳು. ಮುಂದೆ ದಿನವೂ ಫೋನು ಹಿಡಿದು ಕಾದೆ. ತುಂಬಾ ಹೆದರಿದ್ದೆ. ನನ್ನವರಿಗೂ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಬೌದಿ ನಗುತ್ತಾ ಬಂದು ನನ್ನ ಬಾಯಿಗೊಂದು ರಸಗುಲ್ಲ ತುರುಕಿದಳು. "ರಿಪೋರ್ಟು ಬಂತು, ಏನೂ ಇಲ್ಲ!"

ಈಕೆಯ ಶುಗರ್ ರಿಪೋರ್ಟು ಮತ್ತೆ ಮೊದಲೇ ಬಂತಲ್ಲ! ಹೊಟ್ಟೆ ಧಗಧಗ ಉರಿಯಿತು. ರಸಗುಲ್ಲ ನುಂಗಿ ಬಾಗಿಲು ಹಾಕಿಕೊಂಡೆ.

ಇನ್ನೂ ಕೆಲವು ದಿನ ಕಾದು, ತಡೆಯಲಾರದೆ ಗಂಡನನ್ನು ಕರೆದುಕೊಂಡು ಲ್ಯಾಬಿಗೆ ಹೋದೆ.

ಕೌಂಟರಿನವನು ಕಣ್ಣರಳಿಸಿದ. "ನಿಮ್ಮ ಬೌದಿಗೆ ರಿಪೋರ್ಟು ಬಂದ ದಿನವೇ ಹೇಳಿದ್ವಲ್ಲ! ನೀವು ಒಳಗೆ ಅಳ್ತಿದ್ದಾಗ, 'ಇವಳು ಪುಕ್ಕಲಿ, ನನಗೇ ಫೋನ್ ಮಾಡಿ' ಅಂತ ಅವರೇ ನಂಬರ್ ಕೊಟ್ಟಿದ್ರು. ಗಂಟಿನಲ್ಲಿ ಏನೂ ಇಲ್ಲ."

ನನ್ನವರು ಅಲ್ಲೇ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಂಡರು. ಇಬ್ಬರೂ ನೇರ ಬೌದಿಯ ಮನೆಗೆ ಓಡಿದೆವು.

"ಅರೇ ಬಾಬಾ, ಸಿಹಿ ತಿನ್ನಿಸಿ ಹೇಳಿದೆನಲ್ಲ! ಯಾರದು ಅಂತಲೂ ಕೇಳದೆ ಬಾಗಿಲು ಹಾಕಿಕೊಂಡೆ ನೀನು. ಇಡೀ ಕಟ್ಟಡದವರು ನಿನಗಾಗಿ ಕಾಳಿಗೆ ಹರಕೆ ಹೊತ್ತಿದ್ದರು. ಮೂರನೇ ಮಹಡಿಯ ಅಜ್ಜಿ ಖುಷಿಗೆ ಎರಡು ರಸಗುಲ್ಲ ತಿಂದರು!"

ಆಕೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಮೆಟ್ಟಿಲಿಳಿಯುವಾಗ ನನ್ನವರು ಕೇಳಿದರು: "ಈಗಾದ್ರೂ ಹೊಟ್ಟೆಯುರಿ ತಣ್ಣಗಾಯ್ತೇನೇ?"

"ಎಲ್ಲಿ ತಣ್ಣಗಾಗತ್ತೆ ರೀ? ರಿಪೋರ್ಟು ನಂದು. ನನಗೆ ಒಂದು, ಆ ಅಜ್ಜಿಗೆ ಎರಡು!"