ಟೋರ್ಕೆಲ್ ಎಣಿಸಿದ ವಾರ

ಟೋರ್ಕೆಲ್ ಮಾಡಿದ ತಪ್ಪು ಇಷ್ಟೇ: ವಾರಗಳನ್ನು ಬೆರಳಿನಲ್ಲಿ ಎಣಿಸಿದ.

ವೆಕ್ಷೋ ಊರಿನಲ್ಲಿ ರಜೆಗೆ ಯಾರೂ ತಾರೀಖು ಹೇಳುವುದಿಲ್ಲ, ವರ್ಷದ ಎಷ್ಟನೇ ವಾರ ಎಂದು ಹೇಳುತ್ತಾರೆ. ಅವನ ಹೆಂಡತಿ, ನರ್ಸ್ ಇಂಗೆಲಾಗೆ ಬೇಸಿಗೆಯಲ್ಲಿ ಸಿಕ್ಕಿದ್ದು ಒಂದೇ ವಾರ, ಇಪ್ಪತ್ತೊಂಬತ್ತನೆಯದು. ಅದರಲ್ಲೇ ಅತ್ತೆ ಗುನ್‌ವೋರ್ ಅವರನ್ನು ಲ್ಯುಬ್ಲಿಯಾನಾಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿ ಅವರ ಗೆಳತಿ ಮಿಲೇನಾ ಇದ್ದಾರೆ. ಹುಡುಗಿಯರಾಗಿದ್ದಾಗ ಇಬ್ಬರೂ ಇಲ್ಲಿಯ ಗಾಜಿನ ಕಾರ್ಖಾನೆಯಲ್ಲಿ ಪಕ್ಕಪಕ್ಕ ನಿಂತು ಲೋಟಗಳಿಗೆ ಕಾಗದ ಸುತ್ತಿದವರು. ಮುಖ ನೋಡಿ ನಲವತ್ತು ವರ್ಷವಾಗಿತ್ತು. ಅತ್ತೆಗೆ ವಿಮಾನವೆಂದರೆ ಕಿವಿನೋವು, ಹಾಗಾಗಿ ರೈಲು. ಮಕ್ಕಳಿಬ್ಬರೂ ಸೇರಿ ಐದು ಜನ, ಐದು ದೇಶ, ನಾಲ್ಕು ರೈಲು.

"ಟಿಕೆಟ್ ನನಗೆ ಬಿಡಿ," ಎಂದು ಟೋರ್ಕೆಲ್ ಭಾನುವಾರ ಕೂತ. ಕಂಪ್ಯೂಟರ್‌ನಲ್ಲಿ ಬರೀ ತಾರೀಖುಗಳಿದ್ದವು. ಜನವರಿಯ ಮೊದಲ ಸಾಲಿನಿಂದ ಎಣಿಸುತ್ತ ಜುಲೈ ಹನ್ನೆರಡಕ್ಕೆ ಬಂದು ನಿಂತ. ಟಿಕೆಟ್‌ಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮಗುವಿನ ಮೊದಲ ಚಿತ್ರವನ್ನು ನೋಡುವ ಅಪ್ಪನಂತೆ ದೂರ ನಿಂತು ನೋಡಿದ.

ಸೋಮವಾರ ತಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಒಂಬತ್ತೂವರೆಯ ಕಾಫಿಗೆ ಕೂತಾಗ ಅದನ್ನೇ ಹೇಳಿಕೊಂಡ. ಪುಸ್ತಕಕ್ಕೆ ರಟ್ಟು ಕಟ್ಟುವ ಬಿರ್ಯೆರ್ ಏಲಕ್ಕಿ ಬನ್ನು ಅಗಿಯುವುದನ್ನು ನಿಲ್ಲಿಸಿದ.

"ಹನ್ನೆರಡಾ? ಅದು ಇಪ್ಪತ್ತೆಂಟನೇ ವಾರ ಕಣೋ!"

"ಇಲ್ಲಪ್ಪ, ಎಣಿಸಿದೀನಿ."

"ಜನವರಿ ಮೊದಲ ಮೂರು ದಿನಾನೂ ಸೇರಿಸಿ ತಾನೇ? ಅವು ಹೋದ ವರ್ಷದ ವಾರಕ್ಕೆ ಸೇರ್ತವೆ ಮಾರಾಯ! ಶಾಲೆ ಮಕ್ಕಳಿಗೂ ಗೊತ್ತು."

ಟೋರ್ಕೆಲ್‌ನ ಮುಖ ನಿನ್ನೆಯ ಗಂಜಿಯಂತಾಯಿತು. ಮಕ್ಕಳ ವಿಭಾಗದ ಅನ್ನೆಲಿ ಅವನ ಬಟ್ಟಲಿಗೆ ಕೇಳದೆಯೇ ಇನ್ನಷ್ಟು ಕಾಫಿ ಸುರಿದಳು. "ಇಂಗೆಲಾಗೆ ಫೋನ್ ಮಾಡು."

"ಬೇಡ ಬೇಡ! ಹೋದ ಸಲ ಡೇರೆ ಕಂಬ ಬಿಟ್ಟು ಬರೀ ಬಟ್ಟೆ ತಂದಿದ್ದೆ. ಅದನ್ನೇ ಇನ್ನೂ ಮರೆತಿಲ್ಲ. ಅವಳಿಗೆ ಗೊತ್ತಾಗೋ ಮೊದ್ಲು ಬದಲಾಯಿಸಿಬಿಡ್ತೀನಿ."

ಈ ಟಿಕೆಟ್‌ಗಳನ್ನು ಒಂದು ಸಲ ಬದಲಾಯಿಸಬಹುದಿತ್ತು, ಒಂದೇ ಸಲ. ಗ್ರಂಥಾಲಯದ ಅರ್ಧ ಕೆಲಸ ನಿಂತಿತು. ಅನ್ನೆಲಿ ನಕ್ಷೆ ತಂದಳು. ಬಿರ್ಯೆರ್ "ಸರಿ, ನಾನು ಒತ್ತುತೀನಿ, ನೀನು ಓದು" ಎಂದು ಅಂಟು ಮೆತ್ತಿದ ಬೆರಳನ್ನೇ ಮುಂದೆ ಮಾಡಿದ. ಕೋಪನ್‌ಹೇಗನ್ ಆಯಿತು. ಹ್ಯಾಂಬರ್ಗ್ ಆಯಿತು. ಮ್ಯೂನಿಕ್ ರೈಲಿನಲ್ಲಿ ಮಾತ್ರ ನಾಲ್ಕು ಸೀಟು ಬಂದವು, ಐದನೆಯ ಜಾಗದಲ್ಲಿ ಒಂದು ಸೈಕಲ್ಲಿನ ಚಿತ್ರ.

"ಬಿರ್ಯೆರ್, ನಮ್ಮತ್ತೇನ ಎಲ್ಲಿ ಹಾಕಿದೆ?"

"ಜಾಗ ಅಂತೂ ಸಿಕ್ತಲ್ಲ!"

ಟೋರ್ಕೆಲ್ ಜರ್ಮನಿಯ ರೈಲು ಕಚೇರಿಗೆ ಫೋನ್ ಹಚ್ಚಿದ. ನಲವತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹೆಂಗಸು ಸಿಕ್ಕಳು.

"ಸೈಕಲ್ ಮಡಚೋದಾ, ಸರ್?"

"ಸೈಕಲ್ ಅಲ್ಲಮ್ಮ, ನಮ್ಮತ್ತೆ. ಮಂಡಿನೋವು, ಮಡಚೋಕಾಗಲ್ಲ."

ಅವಳು ನಗಲಿಲ್ಲ. ತನ್ನ ಊಟದ ಹೊತ್ತು ಮೀರಿದ್ದರೂ ಬೋಗಿ ಬೋಗಿ ಹುಡುಕಿ, ಕಿಟಕಿ ಪಕ್ಕದ ಸೀಟೊಂದನ್ನು ಕೊಟ್ಟಳು. "ಅಜ್ಜಿಗೆ ಶುಭ ಪ್ರಯಾಣ ಅಂತ ಹೇಳಿ," ಎಂದಳು. ಮಧ್ಯಾಹ್ನ ಮೂರಕ್ಕೆ ಐದೂ ಜನ ಇಪ್ಪತ್ತೊಂಬತ್ತನೇ ವಾರಕ್ಕೆ ಬಂದು ಕೂತರು. ಬಿರ್ಯೆರ್ ಉಳಿದ ಬನ್ನನ್ನು ಟೋರ್ಕೆಲ್‌ಗೇ ಕೊಟ್ಟ.

ಅವನು ಸಿಳ್ಳೆ ಹಾಕುತ್ತ ಮನೆಗೆ ಬಂದು, ಫ್ರಿಜ್ಜಿನ ಮೇಲೆ ಹೊಸ ಟಿಕೆಟ್ ಅಂಟಿಸಲು ಹೊರಟಾಗ ಇಂಗೆಲಾ ಬಂದಳು.

"ಏನದು?"

"ಏನಿಲ್ಲ, ಸಣ್ಣದೊಂದು ತಪ್ಪಾಗಿತ್ತು. ಇಪ್ಪತ್ತೊಂಬತ್ತಕ್ಕೆ ಸರಿ ಮಾಡ್ಸಿದೆ."

ಇಂಗೆಲಾ ಕೋಟು ಬಿಚ್ಚದೆ ಕುರ್ಚಿಯಲ್ಲಿ ಕುಸಿದಳು. "ಬೆಳಿಗ್ಗೆ ಐದಕ್ಕೇ ನೋಡಿದೆ ಕಣೋ ನಾನು. ನೀನು ಅಷ್ಟು ಚೆಂದ ಅಂಟಿಸಿದ್ದೆ, ಹೇಗೆ ಹೇಳ್ಲಿ ಅಂತ ಸುಮ್ಮನೆ ಹೋದೆ. ಜೊತೆಯವಳ ಕೈಕಾಲು ಹಿಡಿದು ರಜೆ ಬದಲಾಯಿಸ್ಕೊಂಡೆ. ಇಪ್ಪತ್ತೆಂಟಕ್ಕೆ!"

"ವಾಪಸ್ ಕೇಳು ಮತ್ತೆ!"

"ಹೇಗೆ ಕೇಳ್ಲಿ? ಅವಳಾಗಲೇ ಗೋಟ್‌ಲಂಡ್ ದ್ವೀಪಕ್ಕೆ ಹಡಗಿನ ಟಿಕೆಟ್ ತಗೊಂಡಾಯ್ತು."

ಅಷ್ಟರಲ್ಲಿ ಅತ್ತೆ ಒಳಗಿನಿಂದ ಕೋಲೂರಿಕೊಂಡು ಬಂದರು, ಹುಡುಗಿಯಂತೆ ಕೆನ್ನೆ ಕೆಂಪಗೆ ಮಾಡಿಕೊಂಡು.

"ನನ್ನಿಂದ ನಿಮಗ್ಯಾಕೆ ಜಗಳ? ಟಿಕೆಟ್ ನಾನೂ ನೋಡಿದ್ದೆ. ಇಂಗೆಲಾ ರಜೆಗೆ ಹೊಂದಲ್ಲ, ಪ್ರಯಾಣ ಆಗಲ್ಲ ಅಂತ ಗೊತ್ತಾಯ್ತು. ಮಿಲೇನಾಗೆ ಫೋನ್ ಮಾಡಿ, ನೀನೇ ಬಂದುಬಿಡೇ ಅಂದೆ. ಅವಳ ಮೊಮ್ಮಗಳು ಆಗಲೇ ರೈಲು ಟಿಕೆಟ್ ಮಾಡಿ, ನನ್ನ ಫೋನಿಗೂ ಕಳಿಸಿದ್ದಾಳೆ."

"ಯಾವಾಗ ಬರ್ತಾರೆ, ಅತ್ತೆ?" ಟೋರ್ಕೆಲ್‌ನ ದನಿ ನೂಲಿನಷ್ಟಾಗಿತ್ತು.

"ಇಂಗೆಲಾ ಮನೇಲಿರೋ ವಾರವೇ ನೋಡಿ ಹೇಳಿದೆನಪ್ಪ. ಇಪ್ಪತ್ತೊಂಬತ್ತು. ಸೋಮವಾರ ಹೊರಡ್ತಾಳೆ."

ಹೊಸ ಟಿಕೆಟಿನ ಪ್ರಕಾರ ಅದೇ ಸೋಮವಾರ ಅತ್ತೆಯೂ ಇಲ್ಲಿಂದ ಹೊರಡಬೇಕಿತ್ತು. ಇಂಗೆಲಾ ಎರಡೂ ಕಡೆಯ ಸಮಯಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ಹ್ಯಾಂಬರ್ಗ್‌ನಲ್ಲಿ ಎರಡೂ ರೈಲು ಒಟ್ಟಿಗೆ ನಿಲ್ತವೆ, ಅಮ್ಮ. ಹನ್ನೊಂದು ನಿಮಿಷ."

"ಹೌದಾ!" ಅತ್ತೆ ನಿಜಕ್ಕೂ ಸಂತೋಷಪಟ್ಟರು. "ಹಾಗಾದ್ರೆ ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಹೋಗೋಣ."

ಟೋರ್ಕೆಲ್ ಫೋನ್ ಕೈಗೆತ್ತಿಕೊಂಡ. "ಒಂದು ನಿಮಿಷ ಇರಿ, ಮಿಲೇನಾ ಅವರ ಟಿಕೆಟನ್ನ ನಾನು…"

"ಬೇಡ!" ಎಂದು ತಾಯಿ ಮಗಳು ಒಂದೇ ಉಸಿರಿಗೆ ಕೂಗಿ, ಅವನ ಕೈಯಿಂದ ಫೋನ್ ಕಿತ್ತುಕೊಂಡರು.