ಸಲೋಮಿಯಕ್ಕನ ಬದಲಿಗೆ ನಾನು

ನಾನು ಮಾಸ್ಟ್ರು. ವಾರವಿಡೀ ಶಾಲೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವುದು, ಆದಿತ್ಯವಾರ ಸಂಜೆ ಬೋಳಾರದ ಪ್ರಾರ್ಥನೆ ಕೂಟದಲ್ಲಿ ದೊಡ್ಡವರಿಗೆ ಹೇಳುವುದು. ಆ ಆದಿತ್ಯವಾರ ಹೇಳಿದ್ದು ಸ್ವಲ್ಪ ಹೆಚ್ಚಾಯಿತು. ಬಡವರಿಗೆ ಹಳೇ ಬಟ್ಟೆ ಕೊಡುವುದು ಭಕ್ತಿಯಲ್ಲ, ಅವರ ಹೊರೆಗೆ ನಮ್ಮ ತಲೆ ಕೊಡುವುದೇ ಭಕ್ತಿ ಎಂದುಬಿಟ್ಟೆ.

ಕೂಟಕ್ಕೆ ಸಲೋಮಿಯಕ್ಕ ಬಂದಿರಲಿಲ್ಲ. ವಿಧವೆ, ಮೂರು ಮಕ್ಕಳು, ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುವ ಕೆಲಸ. ಜ್ವರ ಬಂದು ಶುಕ್ರವಾರ, ಶನಿವಾರ ಹೋಗಿಲ್ಲ. ಮೂರು ದಿನ ಬಾರದವರನ್ನು ಬಿಡಿಸುವುದು ಕಾರ್ಖಾನೆಯ ನಿಯಮ; ಸೋಮವಾರವೂ ತಪ್ಪಿದರೆ ಅವಳ ಜಾಗ ಬೇರೆಯವರಿಗೆ. ಬದಲಿಗೆ ಯಾರಾದರೂ ನಿಂತರೆ ಜಾಗ ಉಳಿಯುತ್ತದಂತೆ. ಎಲ್ಲರೂ ನನ್ನ ಮುಖ ನೋಡಿದರು. ಶಾಲೆಗೆ ದಸರಾ ರಜೆ ಎಂದು ಊರಿಗೇ ಗೊತ್ತಿತ್ತು.

"ನಾನಿದ್ದೇನೆ!" ಎಂದೆ.

ಮನೆಯಲ್ಲಿ ನನ್ನ ಹೆಂಡತಿ ರತ್ನ ಒಂದೇ ಪ್ರಶ್ನೆ ಕೇಳಿದಳು. "ನೀವು ಬಾವಿಯಿಂದ ಒಂದು ಕೊಡಪಾನ ನೀರು ತಂದದ್ದು ಉಂಟಾ?"

ಇಂಥ ಅಲ್ಪವಿಶ್ವಾಸಕ್ಕೆ ಉತ್ತರ ಕೊಡುವ ಅಗತ್ಯ ನನಗೆ ಕಾಣಲಿಲ್ಲ. ಬಡವರಂತೆಯೇ ಬದುಕಬೇಕೆಂದು ಬುತ್ತಿಯನ್ನೂ ಒಯ್ಯದೆ ಬೆಳಿಗ್ಗೆ ಹೊರಟೆ. ಕೋಟು, ಮುಂಡಾಸು ಮಾತ್ರ ಬಿಡಲಿಲ್ಲ. ಮಾಸ್ಟ್ರಿಗೆ ಒಂದು ಮರ್ಯಾದೆ ಬೇಡವೇ?

ಕಾರ್ಖಾನೆಯ ಕೆಲಸ ನೋಡಿಕೊಳ್ಳುವ ರೈಟರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಬಿಟ್ಟರು. ಕೆಲಸ ಸುಲಭ. ಅಚ್ಚಿನಿಂದ ಬಂದ ಹಸಿ ಹಂಚು ಒಂದೊಂದೂ ಒಂದು ಹಲಗೆಯ ಮೇಲೆ ಕೂತಿರುತ್ತದೆ. ಹಲಗೆ ಸಮೇತ ಹೊತ್ತು ಒಣಗುವ ಅಟ್ಟಣಿಗೆಯಲ್ಲಿ ಇಡಬೇಕು. ಮೊದಲನೆಯ ಹಂಚಿನಲ್ಲಿ ನನ್ನ ಹತ್ತೂ ಬೆರಳು ಸ್ಪಷ್ಟವಾಗಿ ಮೂಡಿದವು. ಎರಡನೆಯದು ನನ್ನ ಕೋಟಿನ ಮೇಲೆ ಮೂಡಿತು. ಮೂರನೆಯದಕ್ಕೆ ನನ್ನ ವಿದ್ಯೆ ಎಚ್ಚರವಾಯಿತು. ಒಂದು ಹಂಚಿಗೆ ಒಂದು ಹಲಗೆ! ಎಂಥ ದುಂದು! ಮೂವತ್ತು ಸ್ಲೇಟು ಒಂದೇ ಮೂಲೆಯಲ್ಲಿ ಪೇರಿಸಿಡುವ ನನಗೆ ಇವರು ಕೆಲಸ ಕಲಿಸುವುದೇ? ಹಲಗೆಗಳನ್ನೆಲ್ಲ ತೆಗೆದು, ಹಂಚಿನ ಮೇಲೆ ಹಂಚು ಪೇರಿಸುತ್ತಾ ಹೋದೆ. ಮಧ್ಯಾಹ್ನದೊಳಗೆ ನನ್ನ ಎದೆಯೆತ್ತರಕ್ಕೆ ಒಂದು ಸ್ತಂಭ ಎದ್ದಿತು. ಹಾಡುತ್ತಾ ಕೆಲಸ ಮಾಡಿದೆ.

ಗಂಜಿ ಹೊತ್ತಿಗೆ ಕಮಲಕ್ಕ ಬಂದಳು. ಹೊರುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು. ಮೇಲಿನ ಹಂಚನ್ನು ಎತ್ತಲು ನೋಡಿದಳು. ಬರಲಿಲ್ಲ. ಎರಡು ಕೈ ಹಾಕಿ ಎಳೆದಳು. ಇಡೀ ಸ್ತಂಭ ಒಂದೇ ಮುದ್ದೆ! ನನ್ನ ಅರ್ಧ ದಿನದ ದುಡಿಮೆ ಮತ್ತೆ ಮಣ್ಣಾಗಿತ್ತು.

ಸಲೋಮಿಯಕ್ಕನ ಜಾಗ ಹೋಯಿತು, ಮೂರು ಮಕ್ಕಳ ಗಂಜಿಗೆ ಮಣ್ಣು ಹಾಕಿದೆ ಎಂದು ನಿಜವಾಗಿಯೂ ಅಳು ಬಂತು. ಕಮಲಕ್ಕ ಬೈಯಲಿಲ್ಲ. ತನ್ನ ಗಂಜಿಯನ್ನು ನನ್ನ ಮುಂದಿಟ್ಟು, "ಮಾಸ್ಟ್ರೇ, ನೀವು ಇದನ್ನು ಊಟ ಮಾಡಿ ಸುಮ್ಮನೆ ಕೂತ್ಕೊಳ್ಳಿ. ಅದೇ ದೊಡ್ಡ ಉಪಕಾರ" ಎಂದಳು. ಉಳಿದವರಿಗೆ ತುಳುವಿನಲ್ಲಿ ಏನೋ ಹೇಳಿದಳು. ಆರು ಜನ ಹೆಂಗಸರು ಊಟ ಬಿಟ್ಟು ಎದ್ದರು. ಬಡವರ ಹೊರೆ ಹೊರಲು ಹೋದ ನಾನು ಬಡವರ ಗಂಜಿ ಉಣ್ಣುತ್ತಾ ಕೂತೆ. ಅವರು ನನ್ನ ಹೊರೆ ಹೊತ್ತರು. ಉಪ್ಪಿನಕಾಯಿಯೂ ಇತ್ತು.

ಸಂಜೆ ರೈಟರು ಬಂದಾಗ ಸಲೋಮಿಯಕ್ಕನ ಅಟ್ಟಣಿಗೆ ಭರ್ತಿ. ಅವರು ಅಟ್ಟಣಿಗೆ ನೋಡಿದರು, ಮೂಲೆಯ ಸ್ತಂಭ ನೋಡಿದರು, ನನ್ನ ಕೋಟು ನೋಡಿದರು.

"ಸಲೋಮಿಗೆ ಜ್ವರ ಬಿಡುವವರೆಗೆ ಜಾಗ ಹಾಗೇ ಇರ್ತದೆ," ಎಂದರು. "ಎಷ್ಟು ದಿನ ಆದ್ರೂ ಅಡ್ಡಿಯಿಲ್ಲ. ನೀವು ಮಾತ್ರ ನಾಳೆ ಬರ್ಬೇಡಿ ಮಾರಾಯ್ರೇ."

ಗೆದ್ದೆ! ಯಾರಿಂದಲೂ ಅಲ್ಲಾಡದ ಮೂರು ದಿನದ ನಿಯಮವನ್ನು ಒಂದೇ ದಿನದಲ್ಲಿ ಉರುಳಿಸಿದೆ! ಮೈತುಂಬ ಮಣ್ಣು ಹೊತ್ತು ಬೋಳಾರದ ಬೀದಿಯಲ್ಲಿ ಮೆರವಣಿಗೆ ಹೊರಟವನ ಹಾಗೆ ನಡೆದೆ.

ಸಲೋಮಿಯಕ್ಕ ಒಂದು ವಾರ ಮಲಗಿ, ಗುಣವಾಗಿ, ತನ್ನ ಜಾಗಕ್ಕೇ ಹೋದಳು. ಅಲ್ಲಿಂದೀಚೆಗೆ ಆ ಕಾರ್ಖಾನೆಯಲ್ಲಿ ಯಾವ ಹೆಂಗಸಿಗೆ ಜ್ವರ ಬಂದರೂ ಕಮಲಕ್ಕ ರೈಟರ ಮುಂದೆ ನಿಂತು ವಿನಯದಿಂದ ಕೇಳುತ್ತಾಳಂತೆ, "ಬದಲಿಗೆ ಮಾಸ್ಟ್ರನ್ನು ಕಳಿಸುವುದಾ?" ರಜೆ ಕೂಡಲೇ ಮಂಜೂರು. ಬಡವರ ಸೇವೆಗೆ ನಾನು ಮನೆಯಿಂದ ಏಳಬೇಕಾಗಿಯೂ ಇಲ್ಲ.