ಗೋಡೆಯ ಈಚೆ ಮನೆ

ಪುಸ್ತಕ ಕಟ್ಟುವ ಬೈಂಡರು ಪಾತ್ರೆಗೆ ಮೈದಾ ಹಾಕಿ, ಚೊಂಬಿನಿಂದ ನೀರು ಸುರಿದು, ಅಂಟು ಕಲಸುತ್ತಿದ್ದ. ಕಿಟಕಿಯಿಂದ ಬೆಳಕು ಬಿದ್ದಾಗ ಅವನ ಕೈ ನಿಂತಿತು. ಅಂಟು ಸೋಸಿದ ಚಹಾದ ಬಣ್ಣಕ್ಕೆ ತಿರುಗಿತ್ತು.

"ಇವಳೇ, ಬಾವಿ ನೀರು ನೋಡು. ನಿನ್ನೆವರೆಗೂ ಹಳದಿ, ಇವತ್ತು ಕಂದು."

ಹೆಂಡತಿ ಬಂದು ಬಗ್ಗಿ ನೋಡಿದಳು. ಅವಳ ಹತ್ತೂ ಬೆರಳಿಗೆ ಬಟ್ಟೆ ಸುತ್ತಿತ್ತು. ಪುಸ್ತಕದ ಹಾಳೆ ಹೊಲಿಯುವುದರಲ್ಲಿ ಅವಳಿಗೆ ಸಮನಾದವರಿರಲಿಲ್ಲ. ಈಗ ಸೂಜಿ ಹಿಡಿದರೆ ಹುಣ್ಣು ಬಾಯಿಬಿಡುತ್ತಿತ್ತು. ಈ ನೀರು ಬಿಡದಿದ್ದರೆ ಬೆರಳುಗಳ ಆಸೆ ಬಿಡಿ ಎಂದು ಡಾಕ್ಟರು ಹೇಳಿಯಾಗಿತ್ತು.

ಬೀದಿಯ ಮೇಲುಗಡೆ ನಲ್ಲಿಗಳಿಗೆ ಹೊಳಪು ಹಾಕುವ ಕಾರ್ಖಾನೆಯಿತ್ತು. ನಲ್ಲಿಗಳೇನೋ ಕನ್ನಡಿಯಂತೆ ಹೊಳೆದವು. ಅವನ್ನು ತೊಳೆದು ಬಿಟ್ಟ ನೀರು ನೆಲಕ್ಕಿಳಿದು ಬೀದಿಯ ಬಾವಿಗಳೆಲ್ಲ ಹಳದಿಯಾದವು. ಕುಡಿಯಲು ಬಂಡಿ ನೀರು ಬರುತ್ತಿತ್ತು. ತೊಳೆಯುವುದು, ಒಗೆಯುವುದು ಎಲ್ಲ ಆ ಹಳದಿಯಲ್ಲೇ. ನಾಲ್ಕಾರು ಮನೆಗಳಿಂದ ಹೆಣ ಎದ್ದ ಮೇಲೆ ನೀರಿನ ಆಫೀಸಿನವರು ಬಂದು, ಬೈಂಡರ ಹಿತ್ತಿಲಿನಾಚೆ ಉದ್ದಕ್ಕೆ ಕಂದಕ ತೋಡಿದರು. ಅದಕ್ಕೆ ಮರದ ಚಕ್ಕೆ, ಎಲೆಗೊಬ್ಬರ, ಸುಣ್ಣಕಲ್ಲಿನ ಚೂರು ತುಂಬಿ ಮುಚ್ಚಿದರು. "ಇದು ನೆಲದೊಳಗಿನ ಗೋಡೆ. ನೀರು ಇದರಲ್ಲಿ ಜಿನುಗಿ ಈಚೆ ಬರುತ್ತೆ, ವಿಷ ಒಳಗೇ ಉಳಿಯುತ್ತೆ" ಅಂದರು. ಅದು ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡುವ ದಿನ ಇವತ್ತೇ.

"ಕಂದು ನೀರು ನೋಡಿದರೆ ಫೇಲು ಮಾಡ್ತಾರೆ" ಎಂದ ಬೈಂಡರು. ಮೆಲ್ಲಗೇ ಹೇಳಿದ್ದ. ಆದರೂ ಪಕ್ಕದ ಮನೆಯ ಕಾಂಪೌಂಡರ್ ಮಾವ ಬೇಲಿ ದಾಟಿ ಬಂದೇಬಿಟ್ಟರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದರೂ ಔಷಧಿ ಹೇಳುವುದರಿಂದ ಆಗಿರಲಿಲ್ಲ.

"ಪಟಿಕ ಹಾಕು. ಕೊಚ್ಚೆಯೂ ತಿಳಿಯಾಗುತ್ತೆ" ಎಂದು, ಹಿತ್ತಿಲ ಮೂಲೆಯಲ್ಲಿ ಆಫೀಸಿನವರು ಹೂತಿದ್ದ ಗಿಡ್ಡ ಕಬ್ಬಿಣದ ಕೊಳವೆಯ ಮೇಲೆ ಸಿಂಹಾಸನವೇರಿದಂತೆ ಕೂತರು.

ಪಟಿಕ ಹಾಕಿದ್ದಾಯಿತು. ನೀರಿಗೆ ನೊರೆ ಬಂತೇ ಹೊರತು ಬಣ್ಣ ಹೋಗಲಿಲ್ಲ.

ಎದುರುಮನೆ ಅಕ್ಕ ಬಂದು ಇಣುಕಿದಳು. "ಅಯ್ಯೋ, ಇದ್ದಿಲು ಬಿಡಬೇಕಪ್ಪಾ. ನಮ್ಮತ್ತೆ ಹಾಗೇ ಮಾಡ್ತಿದ್ದರು."

"ನಿಮ್ಮತ್ತೆ ಈಗೆಲ್ಲಿ?" ಎಂದರು ಮಾವ.

"ಹೋದ ವರ್ಷ ತೀರಿಕೊಂಡರಲ್ಲ."

"ಮತ್ತೆ?"

ಅಕ್ಕ ಮೂತಿ ತಿರುವಿ, ಇದ್ದಿಲು ತುಂಬಿದ ತನ್ನ ತಪ್ಪಲೆಗೆ ಹಗ್ಗ ಕಟ್ಟಿ ಇಳಿಬಿಟ್ಟಳು. ಗಂಟು ಜಾರಿತು. ತಪ್ಪಲೆ ಗುಳುಂ ಎಂದು ಮುಳುಗಿತು. "ಅದು ನನ್ನ ತವರಿನದು" ಎಂದು ಅವಳು ಕಣ್ಣೊರೆಸಿಕೊಂಡ ಮೇಲೆ ಬೈಂಡರಿಗೆ ಬೇರೆ ದಾರಿಯಿರಲಿಲ್ಲ. ಪಂಚೆ ಎತ್ತಿ ಕಟ್ಟಿ ಬಾವಿಗಿಳಿದ. ಸೊಂಟದವರೆಗಿನ ನೀರಲ್ಲಿ ಕಾಲಿನಿಂದ ತಡಕಾಡುತ್ತಿದ್ದಾಗ ಮೇಲಿಂದ ಹೆಂಡತಿಯ ತಲೆ ಕಾಣಿಸಿತು.

"ಅಣ್ಣನಿಗೆ ಕಾಗದ ಹಾಕಿ, ಅವರ ಊರಿಗೇ ಹೋಗಿಬಿಡೋಣ ಅಂತ ವರ್ಷದಿಂದ ಬಡಕೊಳ್ತಿದ್ದೀನಿ. ಬರೆದು ಅಂಟಿಸಿ ಕೊಟ್ಟದ್ದು ಕಪಾಟಿನಲ್ಲೇ ಕೂತಿದೆ."

"ನಿಮ್ಮಣ್ಣನ ಅಂಗಡಿಯಲ್ಲಿ ಗೋಣಿ ಹೊಲಿದುಕೊಂಡಿರಲಾ? ಇವತ್ತೊಂದು ದಿನ ತಾಳು. ನೀರು ಪಾಸಾದರೆ, ಬಾಡಿಗೆಯದಾದರೂ ನಮ್ಮ ಮನೆ ನಮಗೆ, ನಿನ್ನ ಕೈ ನಿನಗೆ."

ಅಷ್ಟರಲ್ಲಿ ಹೆಂಡತಿಯ ಪಕ್ಕದಲ್ಲಿ ಇನ್ನೊಂದು ತಲೆ. ನೀರಿನ ಆಫೀಸಿನ ಪರೀಕ್ಷಕಿ.

"ಒಳಗೆ ಏನು ಮಾಡ್ತಿದ್ದೀರಿ?"

"ನೀರು ಶುದ್ಧ ಮಾಡ್ತಿದ್ದೆ ಮೇಡಂ" ಎಂದ, ತಪ್ಪಲೆಯನ್ನು ಮಗುವಿನಂತೆ ಎದೆಗವಚಿಕೊಂಡು.

"ಕಂದು ಬಣ್ಣ ಮರದ ಚಕ್ಕೆಯದು. ಹೊಸದರಲ್ಲಿ ಬಿಡುತ್ತೆ, ಆಮೇಲೆ ಹೋಗುತ್ತೆ. ಗೋಡೆ ಕೆಲಸ ಮಾಡ್ತಿದೆ ಅಂತ ಅರ್ಥ. ಅದೂ ಅಲ್ಲದೆ ನಾನು ನೀರು ತೆಗೆಯೋದು ಬಾವಿಯಿಂದ ಅಲ್ಲ." ಅವಳು ತಿರುಗಿ, "ಯಜಮಾನರೇ, ಆ ಕೊಳವೆ ಮೇಲಿಂದ ಸ್ವಲ್ಪ ಏಳ್ತೀರಾ?" ಎಂದಳು.

ಮಾವ ಎದ್ದರು. ಬೈಂಡರು ಬಾವಿಯಿಂದ ಹತ್ತಿ ಬಂದ. ಕೊಳವೆಯ ನೀರನ್ನು ಸೋಸಿ ಗಾಜಿನ ನಳಿಗೆಗೆ ಹಾಕಿ, ಅವಳು ಔಷಧಿಯ ಹನಿ ಬಿಟ್ಟಳು. ನೇರಳೆಯಾದರೆ ವಿಷ ಇದ್ದಂತೆ. ನಾಲ್ವರೂ ಹತ್ತಿರ ಸರಿದು ಬಗ್ಗಿ ನೋಡಿದರು. ನೀರು ನೇರಳೆಯಾಗಲಿಲ್ಲ.

"ಇದನ್ನು ಆಫೀಸಿಗೆ ಕಳಿಸಿ ಮತ್ತೊಮ್ಮೆ ನೋಡ್ತೀವಿ, ಅಲ್ಲಿತನಕ ಕುಡೀಬೇಡಿ. ಕೈ ತೊಳೆಯೋಕೆ ಭಯವಿಲ್ಲ."

ಹೆಂಡತಿ ಬೆರಳಿನ ಬಟ್ಟೆ ಬಿಚ್ಚಿ, ಬಾವಿ ನೀರಿನ ಬಕೆಟ್ಟಿನೊಳಗೆ ಎರಡೂ ಕೈ ಇಟ್ಟಳು. ಉರಿಯಲಿಲ್ಲ. ಎಷ್ಟೋ ಹೊತ್ತು ತೆಗೆಯಲೇ ಇಲ್ಲ.

ಎದುರುಮನೆ ಅಕ್ಕನಿಗೆ ಸಂತೋಷ ತಡೆಯಲಾಗಲಿಲ್ಲ. ಓಡಿಹೋಗಿ ಬೈಂಡರ ಮನೆ ಮಾಲೀಕರಿಗೆ ಫೋನ್ ಮಾಡಿದಳು. ಸಂಜೆಯೊಳಗೆ ಮಾಲೀಕರು, ಅಳತೆ ಟೇಪು ಹಿಡಿದ ಬಡಗಿಯೊಂದಿಗೆ, ಬಾಗಿಲಲ್ಲಿದ್ದರು.

"ಈ ನೀರಿಗೆ ಹೆದರಿ ತಾನೇ ನಾವು ಮನೆ ಬಿಟ್ಟದ್ದು? ನಮ್ಮ ಕಷ್ಟಕಾಲದಲ್ಲಿ ಮನೆ ನೋಡಿಕೊಂಡ್ರಿ, ಪುಣ್ಯಾತ್ಮರು. ಮುಂದಿನ ತಿಂಗಳು ನಾವೇ ಬರ್ತೀವಿ."

"ನಾವೆಲ್ಲಿಗೆ ಹೋಗೋದು ಸ್ವಾಮಿ?"

"ನಡುನೀರಲ್ಲಿ ಕೈಬಿಡ್ತೀನಾ? ನನ್ನದೇ ಇನ್ನೊಂದು ಮನೆ ಖಾಲಿ ಇದೆ, ಬಾವಿ ಸಮೇತ." ಅವರು ಬೆರಳು ತೋರಿಸಿದ್ದು ಕಂದಕದ ಆಚೆಗೆ, ಕಾರ್ಖಾನೆಯ ಮಗ್ಗುಲಿಗೆ.

"ಅಲ್ಲಿ ನೀರು ಇನ್ನೂ ಹಳದಿ."

"ನಿಮಗೆ ರೂಢಿ ಇದೆಯಲ್ಲ" ಎಂದರು ಮಾಲೀಕರು, ನಿಜವಾದ ಅಕ್ಕರೆಯಿಂದ.

ಬಡಗಿ ಒಳಗೆ ಬಾಗಿಲು ಅಳೆಯುತ್ತಿದ್ದ. ಬೈಂಡರು ಕಪಾಟು ತೆರೆದು ಕಾಗದ ತೆಗೆದುಕೊಂಡು ಬೀದಿ ಕೊನೆಯ ಅಂಚೆಪೆಟ್ಟಿಗೆಯವರೆಗೂ ನಡೆದ. ಹೆಂಡತಿ ಹಿಂದೆಯೇ ಬಂದಳು. ಅವನು ಅರ್ಧ ತೂರಿಸಿ ಹಾಗೇ ಹಿಡಿದು ನಿಂತ.

"ಬಿಡಿ" ಎಂದಳು ಹೆಂಡತಿ.

ಬಿಡಲಿಲ್ಲ. ಅವಳೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಾಗದ ಒಳಗೆ ಬಿದ್ದ ಸದ್ದಾಯಿತು.